ಖುಲಾಸೆಯಾದ ಕೇಸನ್ನೂ ಬರೆಯಬೇಕೇ?

ಮಾನ್ಯರೇ,

ಸರ್ಕಾರಿ ಕೆಲಸದ ಅರ್ಜಿಯಲ್ಲಿ ‘ನಿಮ್ಮ ಮೇಲೆ ಕ್ರಿಮಿನಲ್ ಕೇಸ್ ಇತ್ತೇ?’ ಎಂಬ ಒಂದೇ ಸಾಲು ಎಷ್ಟೋ ಹುಡುಗರ ಕೆಲಸ ಕಳೆಯುತ್ತಿದೆ. ನಮ್ಮ ಬೀದಿಯ ಹುಡುಗನೊಬ್ಬ ಗಣೇಶನ ಮೆರವಣಿಗೆಯ ಗಲಾಟೆ ಕೇಸಿನಲ್ಲಿ ಖುಲಾಸೆಯಾಗಿದ್ದ. ಮುಗಿದ ಕೇಸು ಅಲ್ವಾ ಅಂತ ಸುಮ್ನೆ ‘ಇಲ್ಲ’ ಎಂದು ಬರೆದ. ಪೊಲೀಸ್ ಪರಿಶೀಲನೆಯಲ್ಲಿ ಹಳೆಯ ಎಫ್‌ಐಆರ್ ಸಿಕ್ಕಿ, ಕೈಗೆ ಬಂದಿದ್ದ ನೇಮಕಾತಿ ಆದೇಶ ರದ್ದಾಯಿತು. ಕೇಸಿಗಿಂತ ಮುಚ್ಚಿಟ್ಟಿದ್ದೇ ಜಾಸ್ತಿ ತಪ್ಪಾಯಿತು! ಮಾಹಿತಿ ನಿಜವಿರಬೇಕು, ಆದರೆ ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಚಿಕ್ಕ ಕೇಸನ್ನು ಮುಚ್ಚಿಟ್ಟಿದ್ದರೂ ಇಲಾಖೆ ಮನ್ನಿಸಬಹುದು ಎಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಇದನ್ನೆಲ್ಲ ಆ ಹುಡುಗರಿಗೆ ಹೇಳುವವರು ಯಾರು? ಆ ಸಾಲಿನ ಕೆಳಗೇ ‘ಖುಲಾಸೆಯಾಗಿದ್ದರೂ ಬರೆಯಿರಿ, ತೀರ್ಪಿನ ಪ್ರತಿ ಲಗತ್ತಿಸಿ’ ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಿ.

– ಒಬ್ಬ ನಿವೃತ್ತ ಶಿಕ್ಷಕ, ಹಾಸನ