ಚಿತ್ರದ ಬಲಮೂಲೆಯ ಹೆಸರು

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬೇರೆಯವರ ಸ್ಕೆಚ್ಚನ್ನು ತಿದ್ದಿ, ಬಣ್ಣ ತುಂಬಿ ಅಚ್ಚಿಗೆ ಸಿದ್ಧ ಮಾಡಿಕೊಟ್ಟರೂ ಪುಸ್ತಕದಲ್ಲಿ ನಿನ್ನ ಹೆಸರೇ ಇಲ್ಲ, ಈ ಕೆಲಸವೇ ಬೇಡ ಅಂತ ಬರೆದಿದ್ದೀಯ. ಬಿಡುವ ಮೊದಲು ಲೂಯಿ ಹಾಗ್ ಎಂಬವನ ಕಥೆ ಕೇಳು.

ಈಜಿಪ್ಟಿನ ಸ್ಫಿಂಕ್ಸ್‌ನ ಹಳೆಯ ಚಿತ್ರ ನೀನು ನೋಡಿರುತ್ತೀಯ. ಮರಳಿನಲ್ಲಿ ಹೂತ ಮೈ, ಮೂಗು ಹೋದ ಮುಖ. ಎಲ್ಲರೂ ಅದನ್ನು ಸ್ಕಾಟ್ಲೆಂಡಿನ ಕಲಾವಿದ ಡೇವಿಡ್ ರಾಬರ್ಟ್ಸ್ ಚಿತ್ರ ಅನ್ನುತ್ತಾರೆ. ಸುಳ್ಳಲ್ಲ. 1838ರಲ್ಲಿ ಅಲ್ಲಿಗೆ ಹೋಗಿ ಸ್ಕೆಚ್ ಮಾಡಿದವನು ಅವನೇ. ಆದರೆ ಜನರ ಕೈಗೆ ಬಂದದ್ದು ಲಂಡನ್ನಿನಲ್ಲಿ ಹಾಗ್ ಕಲ್ಲಿನ ಮೇಲೆ ಬರೆದು, ಅದರಿಂದ ಅಚ್ಚಾದ ಚಿತ್ರ. ಹಾಗ್ ಈಗಿನ ಬೆಲ್ಜಿಯಂನ ಟೂರ್ನೇ ಊರಿನವನು. ಹುಟ್ಟಿನಿಂದಲೇ ಬಲಗೈ ಊನ. ಬರೆದದ್ದೆಲ್ಲ ಎಡಗೈಯಲ್ಲಿ.

ಕಲ್ಲಚ್ಚು ಅಂದರೆ ಸುಮ್ನೆ ನಕಲು ಇಳಿಸುವುದಲ್ಲ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆಯಬೇಕು, ಅದೂ ಎಡಬಲ ತಿರುಗಿಸಿ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ. ಮರಳಿನ ತೆಳುಬಣ್ಣಕ್ಕೆ ಬೇರೆಯದೇ ಕಲ್ಲು. ನಿನ್ನ ಕಂಪ್ಯೂಟರಿನ ಅನ್‌ಡೂ ಅಲ್ಲಿಲ್ಲ. ಆ ಸವೆದ ಕೆನ್ನೆಯ ಮೇಲೆ ಕಪ್ಪು ಎಷ್ಟು ಇರಬೇಕು, ಎಲ್ಲಿ ತೆಳುವಾಗಬೇಕು ಎನ್ನುವುದನ್ನು ಕಲ್ಲಿನ ಮುಂದೆ ಕೂತವನೇ ನೋಡಿಕೊಳ್ಳಬೇಕು. 1842ರಿಂದ 1849ರವರೆಗೆ ಇಂಥವು ಹತ್ತಿರ ಹತ್ತಿರ 250 ಚಿತ್ರ!

ಅದೇ ಕಾಲಕ್ಕೆ ನಮ್ಮ ಮಂಗಳೂರಿನಲ್ಲೂ ಬಾಸೆಲ್ ಮಿಶನ್ನಿನವರ ಕಲ್ಲಚ್ಚು ಇತ್ತು. 1843ರ 'ಮಂಗಳೂರ ಸಮಾಚಾರ' ಪತ್ರಿಕೆ ಅಚ್ಚಾದದ್ದು ಅದರಲ್ಲೇ. ಅದರ ಸಂಪಾದಕ ಮೋಗ್ಲಿಂಗ್ ಹೆಸರು ಶಾಲೆ ಮಕ್ಕಳಿಗೂ ಗೊತ್ತು. ಕಲ್ಲಿನ ಕೆಲಸ ಮಾಡಿದವರು ಯಾರಿಗೆ ಗೊತ್ತು ಹೇಳು?

ಹಾಗ್‌ಗೆ ಹಾಗಾಗಲಿಲ್ಲ. ಚಿತ್ರದ ಕೆಳಗೆ ರಾಬರ್ಟ್ಸ್ ಹೆಸರಿನ ಜೊತೆಗೇ, ಬಲಮೂಲೆಯಲ್ಲಿ ಸಣ್ಣಕ್ಷರದಲ್ಲಿ, ಕಲ್ಲಿನ ಮೇಲೆ ಬರೆದವನು ಎಂದು ಅವನ ಹೆಸರೂ ಇದೆ. ನೀನೂ ಅಷ್ಟನ್ನು ಕೇಳು. ಮುಖಪುಟದಲ್ಲೇ ಬೇಕು ಅಂತ ಹಟ ಬೇಡ, ಸ್ಕೆಚ್ ಮಾಡಿದವರ ಶ್ರಮವೂ ಶ್ರಮವೇ ಅಲ್ವಾ. ಆದರೆ ಒಳಪುಟದಲ್ಲಿ ಒಂದು ಸಾಲನ್ನು ಬಿಟ್ಟುಕೊಡಬೇಡ. ಪುಸ್ತಕ ಅಚ್ಚಾದ ಮೇಲೆ ಮುನಿಸಿಕೊಂಡು ಪ್ರಯೋಜನವಿಲ್ಲ. ಕೆಲಸ ಒಪ್ಪಿಕೊಳ್ಳುವಾಗಲೇ ಈಮೇಲಿನಲ್ಲಿ ಬರೆಸಿಕೋ. ದುಡ್ಡಿನ ಮಾತಿನ ಜೊತೆಗೇ ಆಡಿದರೆ ಸಂಕೋಚ ಕಡಿಮೆ.

ಇನ್ನೊಂದು. ಹಾಗ್ 1850ರ ದಶಕದಲ್ಲಿ ಕಲ್ಲು ಬಿಟ್ಟು ಜಲವರ್ಣಕ್ಕೆ ಹೊರಳಿದ. ಮುಂದೆ ಜಲವರ್ಣ ಕಲಾವಿದರ ಸಂಘಕ್ಕೇ ಅಧ್ಯಕ್ಷನಾದ. ಕೈ ಪಳಗಿದ್ದು ಮಾತ್ರ ಕಲ್ಲಿನ ಮೇಲೆ. ಹಾಗಾಗಿ ಈ ಕೆಲಸ ಇಟ್ಟುಕೊಂಡೇ ವಾರದಲ್ಲಿ ಒಂದಿಷ್ಟು ಹೊತ್ತು ನಿನ್ನದೇ ಚಿತ್ರ ಬರೆ.

ರಾಜೀನಾಮೆಯ ಮಾತನ್ನು ನಿನ್ನಪ್ಪನ ಹತ್ತಿರ ಈಗಲೇ ಎತ್ತಬೇಡ. ಅವನು ಜಾಸ್ತಿ ಗಾಬರಿಯಾಗುತ್ತಾನೆ.

ಇತಿ,
ನಿನ್ನ ದೊಡ್ಡಪ್ಪ