ಲೂಕಾ ಹೋದ ಮೇಲಿನ ಡಲ್ಲಾಸ್‌ನಿಂದ, ಗೆಳೆಯನಿಗೊಂದು ಪತ್ರ

ಗೆಳೆಯಾ,

ಕೊನೆಗೂ ನಿಕೋ ಹ್ಯಾರಿಸನ್‌ನನ್ನು ಮನೆಗೆ ಕಳಿಸಿದರು. ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಡಲ್ಲಾಸ್ ಮ್ಯಾವರಿಕ್ಸ್‌ನ ಜನರಲ್ ಮ್ಯಾನೇಜರ್, ನಮ್ಮ ಲೂಕಾ ಡಾನ್ಚಿಚ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟವನು. 2025ರ ನವೆಂಬರ್ 11ರಂದು ಸುದ್ದಿ ಬಂದ ಐದೇ ನಿಮಿಷಕ್ಕೆ ನಿನ್ನ ಮೆಸೇಜ್ ಬಂತು. ಒಂದಕ್ಷರ ಇರಲಿಲ್ಲ, ಬರೀ ಛತ್ರಿಯ ಚಿತ್ರ. ಜೋರಾಗಿ ನಕ್ಕೆ. ಪಕ್ಕದಲ್ಲಿದ್ದವರು ಏನು ಅಂತ ಕೇಳಿದರು, ಹೇಳಲಿಲ್ಲ. ಇಲ್ಲಿ ಓದುವವರಿಗೂ ಹೇಳುವುದಿಲ್ಲ. ಛತ್ರಿ ನಮ್ಮಿಬ್ಬರದು.

ಆದರೆ ಆ ದಿನ ಆಗಬೇಕಾದಷ್ಟು ಖುಷಿ ಆಗಲಿಲ್ಲ ಕಣೋ. ಯಾಕೆ ಅಂತ ಯೋಚಿಸುತ್ತಾ ಕೂತಾಗ ಈ ಪತ್ರ ಶುರುವಾಯಿತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಜೊತೆಗೆ, ಲೂಕಾ ಹೋದ ಫೆಬ್ರುವರಿಯಿಂದ ನಮ್ಮ ಹಾಗೆಯೇ ಒದ್ದಾಡಿದ ಕನ್ನಡದವರು ಈ ಊರಲ್ಲಿ ಇನ್ನೂ ಇದ್ದಾರೆ. ಅವರೂ ಓದಲಿ ಅನ್ನಿಸಿತು.

ನೀನು ಸಿಯಾಟಲ್‌ಗೆ ಹೋಗಿದ್ದು 2024ರ ಬೇಸಿಗೆಯಲ್ಲಿ, ಎನ್‌ಬಿಎ ಲೀಗ್‌ನ ಫೈನಲ್ಸ್ ಮುಗಿದ ಮೇಲೆ. ಹಾಗಾಗಿ ನಿನ್ನ ನೆನಪಿನ ಮ್ಯಾವರಿಕ್ಸ್ ಒಳ್ಳೆಯ ಜಾಗದಲ್ಲೇ ನಿಂತುಬಿಟ್ಟಿದೆ. ಬಾಸ್ಟನ್ ನಮ್ಮನ್ನು 4-1ರಲ್ಲಿ ಸೋಲಿಸಿತ್ತು, ನಿಜ. ಆದರೆ ಲೂಕಾಗೆ ಆಗ ಬರೀ 25. ಆ ಸೀಸನ್‌ನಲ್ಲಿ ಪಂದ್ಯಕ್ಕೆ 33.9 ಪಾಯಿಂಟ್‌ ಗಳಿಸಿ ಲೀಗ್‌ಗೇ ಮೊದಲಿಗನಾಗಿದ್ದ. ಜನವರಿಯಲ್ಲಿ ಅಟ್ಲಾಂಟಾ ಮೇಲೆ ಒಂದೇ ಪಂದ್ಯದಲ್ಲಿ 73 ಹೊಡೆದಿದ್ದ. ಮಿನ್ನೆಸೋಟಾ ವಿರುದ್ಧದ ಎರಡನೇ ಪಂದ್ಯದ ಕೊನೆಯಲ್ಲಿ, ಅವರ ಗೋಬೇರ್ ಕೈ ಮುಖದ ಮೇಲಿರುವಾಗಲೇ ಒಂದು ಹೆಜ್ಜೆ ಹಿಂದೆ ಸರಿದು ಹಾಕಿದ ಆ ಮೂರು ಪಾಯಿಂಟ್ ನೆನಪಿದೆಯಾ? 109-108. ಕೆಳಗಿನ ಮನೆಯವರು ಬಾಗಿಲು ತಟ್ಟಿದ್ದರು. ನೀನು ಹೋಗಿ ಅವರನ್ನೂ ಒಳಗೆ ಕರೆದು, ರೀಪ್ಲೇ ತೋರಿಸಿ ಕಳಿಸಿದೆ.

ಆಮೇಲೆ 2025ರ ಫೆಬ್ರುವರಿ 1, ಶನಿವಾರ ರಾತ್ರಿ. ಎನ್‌ಬಿಎ ವರದಿಗಾರ ಶಾಮ್ಸ್ ಚರಾನಿಯಾ ಸುದ್ದಿ ಹಾಕಿದಾಗ ಅವನ ಅಕೌಂಟನ್ನೇ ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಎಲ್ಲರೂ ಅಂದುಕೊಂಡರು. ಇದು ನಿಜ ಅಂತ ಅವನು ಇನ್ನೊಂದು ಸಲ ಬರೆಯಬೇಕಾಯಿತು. ಲೂಕಾ, ಮ್ಯಾಕ್ಸಿ ಕ್ಲೀಬರ್, ಮಾರ್ಕೀಫ್ ಮಾರಿಸ್ ಲೇಕರ್ಸ್‌ಗೆ. ನಮಗೆ ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಮತ್ತು 2029ರ ಒಂದು ಮೊದಲ ಸುತ್ತಿನ ಪಿಕ್, ಅಂದರೆ ಹೊಸ ಆಟಗಾರನೊಬ್ಬನನ್ನು ಆರಿಸುವ ಅವಕಾಶ. ಒಂದೇ ಒಂದು! ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಲೀಗ್‌ನ ಅರ್ಧ ತಂಡಗಳು ಮನೆ ಮಾರಿಯಾದರೂ ಲೂಕಾನನ್ನು ತೆಗೆದುಕೊಳ್ಳುತ್ತಿದ್ದವು. ನಮ್ಮವರು ಯಾರಿಗೂ ಗೊತ್ತಾಗದ ಹಾಗೆ, ಒಬ್ಬರ ಹತ್ತಿರ ಮಾತ್ರ ಮಾತಾಡಿ ಮುಗಿಸಿದರು.

ಹ್ಯಾರಿಸನ್ ಕೊಟ್ಟ ಕಾರಣ ಡಿಫೆನ್ಸ್. ಚಾಂಪಿಯನ್‌ಶಿಪ್ ಬರುವುದು ಡಿಫೆನ್ಸ್‌ನಿಂದ ಅಂದ. ಹೇಳದೆ ಉಳಿದ ಕಾರಣ ದುಡ್ಡು ಅಂತ ನನ್ನ ನಂಬಿಕೆ. ಮುಂದಿನ ಬೇಸಿಗೆಯಲ್ಲಿ ಲೂಕಾಗೆ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್‌ನ ಸೂಪರ್‌ಮ್ಯಾಕ್ಸ್, ಅಂದರೆ ತಂಡ ಕೊಡಬಹುದಾದ ಅತಿ ದೊಡ್ಡ ಒಪ್ಪಂದ, ಕೊಡಬೇಕಿತ್ತು. ಅವನ ತೂಕ, ಅವನ ಮೀನಖಂಡದ ಗಾಯ, ಇವುಗಳನ್ನೆಲ್ಲ ನೋಡಿ ಅಷ್ಟು ದುಡ್ಡು ಹಾಕಲು ಅವರಿಗೆ ಧೈರ್ಯ ಬರಲಿಲ್ಲ. ಬೇರೆ ತಂಡಕ್ಕೆ ಹೋದ ಮೇಲೆ ಆ ಸೂಪರ್‌ಮ್ಯಾಕ್ಸ್ ಅವನಿಗೆ ಸಿಗುವ ಹಾಗೂ ಇಲ್ಲ. 25ರ ಹುಡುಗನ ದೇಹಕ್ಕೆ ಹೆದರಿ 31ರವನನ್ನು ತಂದರು. ಡೇವಿಸ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಗಾಯಗಳ ಪಟ್ಟಿ ಲೀಗ್‌ಗೆಲ್ಲ ಗೊತ್ತಿತ್ತು.

ಮುಂದೆ ಆಗಿದ್ದನ್ನು ನೀನು ದೂರದಿಂದ ನೋಡಿದೆ. ಹತ್ತಿರದಿಂದ ಅದು ಇನ್ನೂ ಕಷ್ಟವಾಗಿತ್ತು. ಮರುದಿನವೇ ಕ್ಲೀವ್‌ಲ್ಯಾಂಡ್‌ನಲ್ಲಿ 144-101. ನಮ್ಮ ಕ್ರೀಡಾಂಗಣ ಅಮೆರಿಕನ್ ಏರ್‌ಲೈನ್ಸ್ ಸೆಂಟರ್ ಹೊರಗೆ ಡರ್ಕ್ ಪ್ರತಿಮೆಯ ಹತ್ತಿರ ಜನ ಹೂವಿಟ್ಟರು, ಶವಪೆಟ್ಟಿಗೆ ತಂದಿಟ್ಟರು. ಡರ್ಕ್ ನೊವಿಟ್ಸ್‌ಕಿ 21 ಸೀಸನ್ ಆಡಿದ್ದು ಈ ಒಂದೇ ತಂಡಕ್ಕೆ. ಅವನ ಪ್ರತಿಮೆಯ ಕೆಳಗೆ ನಿಷ್ಠೆಯ ಬಗ್ಗೆ ಒಂದು ಸಾಲು ಕೆತ್ತಿದ್ದಾರೆ. ಅದನ್ನು ಓದಿ ಮುಂದೆ ಹೋಗಲು ಆ ವಾರ ಯಾರಿಗೂ ಆಗುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಲೂಕಾ ಲೇಕರ್ಸ್ ಪರವಾಗಿ ಮೊದಲ ಪಂದ್ಯ ಆಡಿದಾಗ ನೋಡಲು ಡರ್ಕ್ ಲಾಸ್ ಏಂಜಲೀಸ್‌ಗೇ ಹೋಗಿ ಕೂತಿದ್ದ. ಅವನಿಗಿಂತ ದೊಡ್ಡ ಮ್ಯಾವರಿಕ್ಸ್ ಅಭಿಮಾನಿ ಯಾರಿದ್ದಾರೆ ಹೇಳು.

ಫೆಬ್ರುವರಿ 8ರಂದು ಡೇವಿಸ್ ಇಲ್ಲಿ ಮೊದಲ ಸಲ ಇಳಿದ. ಹ್ಯೂಸ್ಟನ್ ವಿರುದ್ಧ 26 ಪಾಯಿಂಟ್, 16 ರೀಬೌಂಡ್, 7 ಅಸಿಸ್ಟ್. ಹೊರಗೆ ಬೈಯುತ್ತಿದ್ದ ಜನ ಒಳಗೆ ಎದ್ದು ನಿಂತು ಕೂಗಿದರು. ನಾನೂ ಕೂಗಿದೆ. ಮೂರನೇ ಕ್ವಾರ್ಟರ್‌ನಲ್ಲಿ ಅವನು ತೊಡೆ ಹಿಡಿದುಕೊಂಡು ಹೊರನಡೆದ, ಮತ್ತೆ ಬಂದಿದ್ದು ಮಾರ್ಚ್ ಕೊನೆಗೆ. ಅಷ್ಟರಲ್ಲಿ ಮಾರ್ಚ್ 3ರಂದು ನಮ್ಮ ಗಾರ್ಡ್ ಕೈರಿ ಅರ್ವಿಂಗ್‌ನ ಎಡಮಂಡಿಯ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದುಹೋಯಿತು. ಹರಿದ ಮಂಡಿಯಲ್ಲೇ ನಿಂತು, ಅಳುತ್ತಾ, ಎರಡೂ ಫ್ರೀ ಥ್ರೋ ಹಾಕಿ ಒಳಗೆ ಹೋದ. ಅದನ್ನು ಮಾತ್ರ ನಾನು ಮತ್ತೆ ನೋಡಿಲ್ಲ, ನೋಡುವುದೂ ಇಲ್ಲ. ಲೈವ್ಲಿ, ಗ್ಯಾಫರ್ಡ್, ಹೀಗೆ ಒಬ್ಬೊಬ್ಬರೇ ಬಿದ್ದರು. ಸಂಬಳದ ಮಿತಿಗೆ ತಂಡ ಅಂಟಿಕೊಂಡು ನಿಂತಿದ್ದರಿಂದ ಹೊಸಬರನ್ನು ಸೇರಿಸುವ ಹಾಗೂ ಇರಲಿಲ್ಲ. ಪಂದ್ಯಕ್ಕೆ ಬೇಕಾದ ಎಂಟು ಜನರನ್ನು ಹೊಂದಿಸುವುದೇ ದೊಡ್ಡ ಕೆಲಸವಾಗಿದ್ದ ದಿನಗಳಿದ್ದವು. ಒಂದು ವರ್ಷದ ಹಿಂದೆ ಫೈನಲ್ಸ್ ಆಡುತ್ತಿದ್ದ ತಂಡ ಇದು.

ಈಗ ಏಪ್ರಿಲ್ 9. ಲೂಕಾ ಲೇಕರ್ಸ್ ಅಂಗಿಯಲ್ಲಿ ವಾಪಸ್ ಬಂದ ರಾತ್ರಿ. ಟಿಕೆಟ್ ಇದೆ ಅಂತ ನಿನಗೆ ಹೇಳಿದ್ದೆ, ಅಲ್ಲಿ ಏನಾಯಿತು ಅಂತ ಸರಿಯಾಗಿ ಹೇಳಿರಲಿಲ್ಲ. ಪ್ರತಿ ಸೀಟಿನ ಮೇಲೂ ಒಂದು ಟೀ ಶರ್ಟ್ ಇಟ್ಟಿದ್ದರು, ಸ್ಲೊವೇನಿಯನ್ ಭಾಷೆಯಲ್ಲಿ ಥ್ಯಾಂಕ್ಸ್ ಬರೆದದ್ದು. ಆಟ ಶುರುವಾಗುವ ಮೊದಲು ದೀಪ ಆರಿಸಿ ಅವನ ವಿಡಿಯೋ ಹಾಕಿದರು. ಬೆಂಚಿನಲ್ಲಿ ಕೂತಿದ್ದ ಲೂಕಾ ಅತ್ತುಬಿಟ್ಟ. ಟವೆಲ್‌ನಿಂದ ಮುಖ ಒರೆಸಿಕೊಂಡ, ಮತ್ತೆ ಅತ್ತ. ಆಮೇಲೆ ಎದ್ದು ನಮ್ಮ ಮೇಲೆಯೇ 45 ಪಾಯಿಂಟ್ ಹೊಡೆದ. ಪ್ರತಿಯೊಂದು ಬುಟ್ಟಿಗೂ ಡಲ್ಲಾಸ್ ಜನ ಚಪ್ಪಾಳೆ ಹೊಡೆದರು. 112-97ಕ್ಕೆ ಸೋತೆವು, ಸೋತಿದ್ದು ಯಾರಿಗೂ ಬೇಕಾಗಿರಲಿಲ್ಲ ಅಂತಲೂ ಅನ್ನಲಾರೆ. ನಮ್ಮ ಹುಡುಗರು ಅಂಕಣದಲ್ಲಿ ಬೆವರು ಸುರಿಸುತ್ತಿದ್ದರು. ಅವರ ಮನೆಯಲ್ಲೇ ಅವರಿಗೆ ಯಾರೂ ಇರಲಿಲ್ಲ. ಪಿ.ಜೆ. ವಾಷಿಂಗ್ಟನ್ ಮುಖ ನೋಡಿ ನನಗೆ ತುಂಬಾ ಸಂಕಟವಾಯಿತು. ಅವನೇನು ತಪ್ಪು ಮಾಡಿದ್ದ?

ನಾನೂ ಅತ್ತೆ. ಸುತ್ತ ಎಲ್ಲರೂ ಅಳುತ್ತಿದ್ದರು, ಅದರಲ್ಲಿ ವಿಶೇಷ ಏನಿಲ್ಲ. ಆದರೆ ಅತ್ತಿದ್ದು ಪೂರ್ತಿ ಲೂಕಾನಿಗಾಗಿ ಅಲ್ಲ ಅಂತ ನನಗೆ ಅಲ್ಲೇ ಗೊತ್ತಾಯಿತು. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಸೀಸನ್ 39-43ಕ್ಕೆ ಮುಗಿಯಿತು. ಪ್ಲೇಆಫ್‌ಗೆ ಅರ್ಹತೆ ಪಡೆಯುವ ಪ್ಲೇ-ಇನ್‌ನಲ್ಲಿ ಸ್ಯಾಕ್ರಮೆಂಟೊ ಮೇಲೆ 120-106ರಲ್ಲಿ ಗೆದ್ದೆವು, ಮೆಂಫಿಸ್‌ಗೆ ಅದೇ 120-106ರಲ್ಲಿ ಸೋತೆವು. ಡೇವಿಸ್ ಆ ರಾತ್ರಿ 40 ಹೊಡೆದರೂ ಸಾಲಲಿಲ್ಲ.

ಮೇ 12ರಂದು ಲಾಟರಿ, ಹೊಸ ಆಟಗಾರರನ್ನು ಮೊದಲು ಆರಿಸುವ ತಂಡ ಯಾವುದು ಅಂತ ತೀರ್ಮಾನಿಸುವುದು. ನಮಗಿದ್ದ ಅವಕಾಶ ನೂರಕ್ಕೆ 1.8. ಸುಮ್ನೆ ಟಿವಿ ಹಾಕಿಟ್ಟಿದ್ದೆ. ಮೊದಲ ಪಿಕ್ ಡಲ್ಲಾಸ್‌ಗೆ ಅಂದಾಗ ನಾನು ಹಾರಿದ ರೀತಿ ನೋಡಿದ್ದರೆ ನೀನು ಏನೆನ್ನುತ್ತಿದ್ದೆಯೋ. ಕೂಪರ್ ಫ್ಲ್ಯಾಗ್! ಡ್ಯೂಕ್ ಯೂನಿವರ್ಸಿಟಿಯ ಹುಡುಗ, ಮೇನ್ ರಾಜ್ಯದ ಒಂದು ಸಣ್ಣ ಊರಿನವನು, 18 ವರ್ಷ. ಒಂದೇ ಗಂಟೆಯಲ್ಲಿ ಅವನ ಕಾಲೇಜಿನ ವಿಡಿಯೋ ಹತ್ತಾರು ನೋಡಿಬಿಟ್ಟೆ. ನಾಳೆ ಏನು, ನಾಡಿದ್ದು ಏನು, ಅವನ ಜೊತೆ ಯಾರು ಆಡಬೇಕು, ಎಲ್ಲ ಲೆಕ್ಕ ಹಾಕಿದೆ. ಮಲಗುವಾಗ ತಲೆಗೆ ಹೊಳೆಯಿತು: ಆ ಸಂಜೆಯಿಂದ ಲೂಕಾ ಒಂದು ಸಲವೂ ನೆನಪಾಗಿರಲಿಲ್ಲ.

ನನ್ನನ್ನು ಕಾಡುತ್ತಿರುವುದು ಇದೇ. ತಂಡ ಸೋತಿದ್ದು ಅಷ್ಟು ಕಾಡುತ್ತಿಲ್ಲ, ಹ್ಯಾರಿಸನ್ ಅಂತೂ ಕಾಡುತ್ತಿಲ್ಲ. ಅವನ ಹೆಸರು ಹಿಡಿದು ತೆಗೆದುಹಾಕಿ ಅಂತ ತಿಂಗಳುಗಟ್ಟಲೆ ಕೂಗಿದೆವು. ಈಗ ತೆಗೆದರು. ಮಾಲೀಕ ಪ್ಯಾಟ್ರಿಕ್ ಡ್ಯೂಮಾಂಟ್ ಅಭಿಮಾನಿಗಳಿಗೆ ಪತ್ರ ಕೂಡ ಬರೆದ. ಆದರೆ ಸಿಟ್ಟು ಇರುವಷ್ಟು ದಿನ ನಾನು ಲೂಕಾನ ಕಡೆಯವನು ಅಂತ ನನಗೆ ಅನ್ನಿಸುತ್ತಿತ್ತು. ಈಗ ಸಿಟ್ಟಿಗೂ ಕಾರಣ ಇಲ್ಲ. ಹೊಸ ಹುಡುಗ ಬಂದಿದ್ದಾನೆ, ಚೆನ್ನಾಗಿದ್ದಾನೆ, ನಾನು ಒಗ್ಗಿಕೊಂಡಿದ್ದೇನೆ. ಏಳು ವರ್ಷ ಪ್ರೀತಿಸಿದ ಆಟಗಾರನ ಜಾಗ ಇಷ್ಟು ಬೇಗ ತುಂಬುತ್ತದೆ ಅಂದರೆ ಆ ಪ್ರೀತಿ ಏನಾಗಿತ್ತು?

ನಿನ್ನ ಲಿಫ್ಟ್‌ನಲ್ಲಿ ಸಿಗುವ ಆ ಹಿರಿಯರು ನೆನಪಾಗುತ್ತಾರೆ. ಇನ್ನೂ ಸೂಪರ್‌ಸಾನಿಕ್ಸ್ ಟೋಪಿ ಹಾಕಿಕೊಂಡೇ ಓಡಾಡುತ್ತಾರೆ ಅಂದಿದ್ದೆಯಲ್ಲ. ಅವರ ಊರಿನಿಂದ ಒಬ್ಬ ಆಟಗಾರ ಹೋದದ್ದಲ್ಲ, 2008ರಲ್ಲಿ ತಂಡಕ್ಕೆ ತಂಡವೇ ಒಕ್ಲಹೋಮಕ್ಕೆ ಎದ್ದುಹೋಯಿತು. ಬೇರೆ ಹೆಸರಿಟ್ಟುಕೊಂಡು 2025ರಲ್ಲಿ ಅಲ್ಲಿ ಕಪ್ಪನ್ನೂ ಗೆದ್ದಿತು. ಹದಿನೇಳು ವರ್ಷವಾದರೂ ಆ ಮನುಷ್ಯ ಟೋಪಿ ತೆಗೆದಿಲ್ಲ. ಅವರಿಗೆ ನನ್ನ ನಮಸ್ಕಾರ ಹೇಳು.

ಈಗ ಏಪ್ರಿಲ್ 9ರ ಮಾತು. ನೀನು ಹೋದ ಮೊದಲ ಚಳಿಗಾಲ ನಾನು ಎಷ್ಟೋ ಪಂದ್ಯಗಳನ್ನು ಅರ್ಧಕ್ಕೇ ಆರಿಸಿ ಮಲಗಿದ್ದೇನೆ. ಲೂಕಾ ಇದ್ದಾಗಲೇ, ತಂಡ ಗೆಲ್ಲುತ್ತಿದ್ದಾಗಲೇ. ಕೆಲಸ ಜಾಸ್ತಿ ಅಂತ ನಿನಗೆ ಹೇಳಿದ್ದೆ. ಕೆಲಸ ಇತ್ತು, ಸುಳ್ಳಲ್ಲ. ಆದರೆ ಫ್ರೀ ಥ್ರೋ ಬಂದಾಗ ಎದ್ದು ನಿಲ್ಲುವವರು ಪಕ್ಕದಲ್ಲಿ ಇರದಿದ್ದರೆ ನನಗೆ ಆಟ ಹಿಡಿಸುತ್ತಿರಲಿಲ್ಲ. ಆಮೇಲೆ ಲೂಕಾನೂ ಹೋದ. ಊರಿಗೆ ಊರೇ ದುಃಖಪಡುತ್ತಿತ್ತು, ನನ್ನದನ್ನೂ ಅದರೊಳಗೆ ಸೇರಿಸಿದೆ. ಆಟಗಾರ ಹೋದದ್ದಕ್ಕೆ ಸಾವಿರಾರು ಜನರ ನಡುವೆ ಅಳಬಹುದು. ಗೆಳೆಯ ಒಳ್ಳೆಯ ಕೆಲಸ ಸಿಕ್ಕು ಬೇರೆ ಊರಿಗೆ ಹೋದದ್ದಕ್ಕೆ ಯಾರು ಅಳುತ್ತಾರೆ? ಖುಷಿಪಡಬೇಕು. ನಾನು ಖುಷಿಪಟ್ಟೆ. ಅಷ್ಟೇ ಬೇಜಾರೂ ಆಗಿತ್ತು.

ಇನ್ನೊಂದು ವಿಷಯ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈ ಸೀಸನ್ ನಾನು ಒಬ್ಬನೇ ನೋಡುತ್ತಿಲ್ಲ. ಆಫೀಸಿನ ಹುಡುಗನೊಬ್ಬ ಬರುತ್ತಾನೆ. ಫ್ಲ್ಯಾಗ್ ಬಂದ ಮೇಲೆ ಆಟ ನೋಡಲು ಶುರುಮಾಡಿದವನು. ಲೂಕಾ ಅವನಿಗೆ ಲೇಕರ್ಸ್ ಆಟಗಾರ, ಅಷ್ಟೇ. ಗೋಲ್‌ಟೆಂಡಿಂಗ್ ಅನ್ನುವ ನಿಯಮ ಅಂದರೇನು ಅಂತ ವಾರಕ್ಕೊಮ್ಮೆ ಕೇಳುತ್ತಾನೆ. ಸೋಫಾದ ಎಡತುದಿಯಲ್ಲಿ ಕೂರುತ್ತಾನೆ. ಮೊದಲ ದಿನ ಅಲ್ಲಿ ಕೂರಬೇಡ ಅನ್ನಬೇಕು ಅನ್ನಿಸಿತು. ಎರಡನೇ ವಾರ ಹಾಗೆ ಅನ್ನಿಸಲಿಲ್ಲ. ಅವನ ಜೊತೆ ಆಟ ನೋಡುವುದು ಖುಷಿ ಕೊಡುತ್ತದೆ, ನಿಜವಾಗಿಯೂ ಕೊಡುತ್ತದೆ. ಅದಕ್ಕೇ ನಿನಗೆ ಹೇಳಲು ಕಷ್ಟವಾಯಿತು. ಅಲ್ಲಿ ನಿನ್ನ ಪಕ್ಕ ಯಾರು ಕೂರುತ್ತಾರೆ ಅಂತ ನನಗೂ ಕೇಳಬೇಕು. ಯಾರೋ ಇದ್ದಾರೆ ಅಂದರೂ ನನಗೆ ಬೇಜಾರು, ಯಾರೂ ಇಲ್ಲ ಅಂದರೂ ಬೇಜಾರು.

ಸಾಕು. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಆಟದ ಮಾತಿಗೆ ಬರೋಣ.

ಫ್ಲ್ಯಾಗ್ ಬಗ್ಗೆ ನೀನು ಅವಸರಪಡಬೇಡ. ಮೊದಲ ಪಂದ್ಯ ಕೆಟ್ಟದಾಗಿತ್ತು, ಸ್ಯಾನ್ ಆಂಟೋನಿಯೋ 125-92, ಅವರ ವೆಂಬನ್ಯಾಮಾ ಒಬ್ಬನೇ 40. ಆದರೆ ಕೋಚ್ ಜೇಸನ್ ಕಿಡ್ ಆ ಹುಡುಗನ ಕೈಗೆ ಚೆಂಡು ಕೊಟ್ಟು ಪಾಯಿಂಟ್ ಗಾರ್ಡ್ ಮಾಡಿದ್ದು ಯಾಕೆ ಅಂತ ನೋಡು. ಕೈರಿ ಇನ್ನೂ ಬಂದಿಲ್ಲ, ಚೆಂಡು ತರುವವರಿಲ್ಲ. ಫಾರ್ವರ್ಡ್ ಆಡಬೇಕಾದವನು ಅರ್ಧ ಅಂಕಣ ದಾಟುವುದರೊಳಗೆ ಸುಸ್ತಾಗುತ್ತಾನೆ. ಹಾಗಿದ್ದೂ ಡಿಫೆನ್ಸ್‌ನಲ್ಲಿ ಹಿಂದೆ ಓಡಿ ಬರುವುದನ್ನು ಒಂದು ಸಲವೂ ಬಿಟ್ಟಿಲ್ಲ. ಡೇವಿಸ್‌ಗೆ ಈ ಸಲ ಮೀನಖಂಡದ ಗಾಯ, ಅದರ ಬಗ್ಗೆ ನೀನು ಏನೂ ಹೇಳಬೇಡ. ಹ್ಯಾರಿಸನ್ ಹೋಗುವಾಗ ನಾವು 3-8. ಅವನ ಕೆಲಸವನ್ನು ತಾತ್ಕಾಲಿಕವಾಗಿ ಮೈಕಲ್ ಫಿನ್ಲೀ ಮತ್ತು ಮ್ಯಾಟ್ ರಿಕಾರ್ಡಿಗೆ ಕೊಟ್ಟರು. ಫಿನ್ಲೀ ಈ ಅಂಗಿ ಹಾಕಿ ಆಡಿದವನು, ಅವನಿಗೆ ಈ ಊರು ಗೊತ್ತು. ನನಗೆ ಭರವಸೆ ಇದೆ.

ಲೇಕರ್ಸ್ ಈ ಸೀಸನ್‌ನಲ್ಲಿ ಇಲ್ಲಿಗೆ ಬಂದಾಗ ನೀನೂ ಬರಬೇಕು. ರಜೆ ಸಿಗಲಿಲ್ಲ ಅನ್ನುವ ಮಾತೇ ಬೇಡ. ಮೂರು ಟಿಕೆಟ್ ತೆಗೆದುಕೊಳ್ಳುತ್ತೇನೆ. ಹುಡುಗನಿಗೆ ಗೋಲ್‌ಟೆಂಡಿಂಗ್ ನೀನೇ ಹೇಳಿಕೊಡು, ನನ್ನಿಂದ ಆಗಲಿಲ್ಲ. ಮಧ್ಯದ ಸೀಟು ನಂದು. ಛತ್ರಿ ಮರೀಬೇಡ.

ನಿನ್ನ,
ಡಲ್ಲಾಸ್‌ನಲ್ಲೇ ಉಳಿದವನು