‘ಡಾಕ್ಟರ್ ಆಗ್ತೀನಿ’ ಎಂದ ಮಕ್ಕಳನ್ನೂ ವಿಚಾರಿಸಿ

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ 15–16ರ ಮಕ್ಕಳು ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ತೀರ್ಮಾನಿಸಬೇಕು. ಬಿ.ಇಡಿ. ಪರೀಕ್ಷೆಗೆಂದು ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ ಹೇಳಿದ ವ್ಯಕ್ತಿತ್ವ ಬೆಳವಣಿಗೆಯ ಎಂಟು ಹಂತಗಳನ್ನು ಉರು ಹೊಡೆದ ನಾವು ಶಿಕ್ಷಕರು, ಐದನೇ ಹಂತದ ಮಕ್ಕಳೇ ಎದುರಿಗೆ ಕೂತಿದ್ದಾಗ ಅದನ್ನು ಮರೆತೇಬಿಡುತ್ತೇವೆ.

ಸುಮಾರು 12ರಿಂದ 18 ವರ್ಷದ ಈ ಹಂತದಲ್ಲಿ ‘ನಾನು ಯಾರು, ಏನಾಗಬಲ್ಲೆ’ ಎಂದು ಹುಡುಕುವುದೇ ಮುಖ್ಯ ಕೆಲಸ. ಅದಕ್ಕೆ ಸಮಾಜ ಬಿಡುವು ಕೊಡಬೇಕು ಎಂಬುದು ಎರಿಕ್‌ಸನ್ ವಾದ. ಮನೋವಿಜ್ಞಾನಿ ಜೇಮ್ಸ್ ಮಾರ್ಸಿಯಾ 1966ರಲ್ಲಿ, ಈ ಹಾದಿಯಲ್ಲಿ ಯಾರು ಎಲ್ಲಿದ್ದಾರೆ ಎಂದು ಗುರುತಿಸಲು ಎರಡು ಸಂಗತಿ ನೋಡಿದರು: ಹುಡುಕಾಟ ನಡೆದಿದೆಯೇ, ನಿರ್ಧಾರ ಆಗಿದೆಯೇ? ಎರಡೂ ಇಲ್ಲದವರು, ಇನ್ನೂ ಹುಡುಕುತ್ತಿರುವವರು, ಹುಡುಕಿ ನಿರ್ಧರಿಸಿದವರು, ಹುಡುಕದೆಯೇ ನಿರ್ಧರಿಸಿದವರು ಎಂದು ನಾಲ್ಕು ಬಗೆ. ನಾವು ಮೋಸಹೋಗುವುದು ಕೊನೆಯ ಬಗೆಯವರಲ್ಲಿ. ‘ಡಾಕ್ಟರ್ ಆಗ್ತೀನಿ ಮಿಸ್’ ಎಂದವಳಿಗೆ ಶಹಬ್ಬಾಸ್, ‘ಗೊತ್ತಿಲ್ಲ’ ಎಂದವನಿಗೆ ಬೈಗುಳ! ನಿಜಕ್ಕೂ ಹುಡುಕುತ್ತಿರುವವನು ಅವನೇ ಇರಬಹುದು. ಅಪ್ಪ ಆರಿಸಿಕೊಟ್ಟ ಗುರಿಯೊಂದನ್ನೇ ನಂಬಿದವಳಿಗೆ ಪ್ರಥಮ ಪಿಯುನಲ್ಲಿ ಭೌತಶಾಸ್ತ್ರ ಕೈಕೊಟ್ಟರೆ, ಹೋಗುವುದು ಅಂಕವಷ್ಟೇ ಅಲ್ಲ. ತಾನು ಯಾರೆಂಬುದಕ್ಕೆ ಅವಳ ಬಳಿ ಬೇರೆ ಉತ್ತರವೇ ಇರುವುದಿಲ್ಲ.

ಒಂಬತ್ತನೇ ತರಗತಿಯಲ್ಲೇ ಮೂರು ಪ್ರಶ್ನೆ ಕೇಳಿದರೆ ಸಾಕಷ್ಟು ತಿಳಿಯುತ್ತದೆ: ಇದನ್ನು ಬಿಟ್ಟು ಇನ್ನೇನು ಯೋಚಿಸಿದ್ದೆ? ಅದನ್ನು ಯಾಕೆ ಬಿಟ್ಟೆ? ಇದು ಆಗದಿದ್ದರೆ? ಮೂರಕ್ಕೂ ‘ಮನೇಲಿ ಹೇಳಿದಾರೆ’ ಎಂಬುದೇ ಉತ್ತರವಾದರೆ ಹುಡುಕಾಟ ಶುರುವಾಗಿಲ್ಲ ಎಂದೇ ತಿಳಿಯಬೇಕು. ತರಗತಿಯೆದುರು ಕೇಳಬಾರದು, ಪೋಷಕರ ಸಭೆಯಲ್ಲಂತೂ ಬೇಡವೇ ಬೇಡ. ಮಗು ಅಲ್ಲಿ ಒಪ್ಪುವ ಉತ್ತರವನ್ನೇ ಕೊಡುತ್ತದೆ. ಈ ಸ್ಥಿತಿ ಬದಲಾಗುತ್ತಿರುವುದರಿಂದ ಆರು ತಿಂಗಳು ಬಿಟ್ಟು ಮತ್ತೆ ಕೇಳಬೇಕು. ದಾಖಲೆಯಲ್ಲಿ ಹಣೆಪಟ್ಟಿ ಬರೆದಿಡುವುದು ಖಂಡಿತ ಕೂಡದು.

ಇನ್ನೊಂದು ತೊಡಕು ನಾಲ್ಕನೇ ಹಂತದ ಬಾಕಿ. 6ರಿಂದ 12ರೊಳಗೆ ‘ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ ಬೆಳೆಯದಿದ್ದರೆ ಕೀಳರಿಮೆ ಉಳಿದುಕೊಳ್ಳುತ್ತದೆ. ಅಂಥ ಮಗು ಪ್ರೌಢಶಾಲೆಗೆ ಬಂದರೆ ‘ಸಿ ಗ್ರೂಪ್’ ಎಂದು ಬೇರೆ ಕೂರಿಸಿ, ಪಾಸಾಗಲು ಬೇಕಾದಷ್ಟನ್ನೇ ಆರಿಸಿದ ‘ಪಾಸಿಂಗ್ ಪ್ಯಾಕೇಜ್’ ಕೈಗಿಡುತ್ತೇವೆ. ಓದಿಗೆ ಅದು ಬೇಕಿರಬಹುದು, ಆದರೆ ದಿನವೂ ಕಿವಿಗೆ ಬೀಳುವ ಹೆಸರು ಅದೊಂದೇ ಆಗಬಾರದು. ಒಳ್ಳೆಯ ಗುರುತು ಸಿಗದ ಹುಡುಗ ಕೆಟ್ಟದ್ದನ್ನಾದರೂ ತನ್ನದಾಗಿಸಿಕೊಳ್ಳುತ್ತಾನೆ. ‘ರೌಡಿ’ ಎಂದರೂ ಸರಿ, ಅನಾಮಧೇಯನಾಗಿರುವುದಕ್ಕಿಂತ ಅದೇ ವಾಸಿ ಎನಿಸುತ್ತದೆ. ಎರಿಕ್‌ಸನ್ ಇದನ್ನೇ ನಕಾರಾತ್ಮಕ ಗುರುತು ಎಂದರು. ಬೆಂಚು ಹೊರುವ ಕೆಲಸ ಕೊಟ್ಟರೆ ಇದು ಸರಿಹೋಗದು. ಪ್ರಯೋಗಾಲಯದ ಸಾಮಾನಿನ ಲೆಕ್ಕ, ಕ್ರೀಡಾಕೂಟದ ಅಂಕಪಟ್ಟಿ, ಗ್ರಂಥಾಲಯದ ಪುಸ್ತಕ ವಿತರಣೆಯಂಥ ಹೊಣೆ ಕೊಟ್ಟು, ತಪ್ಪಿದರೆ ತಿದ್ದಿ, ಒಂದಿಡೀ ಟರ್ಮ್ ಅವನ ಕೈಯಲ್ಲೇ ಬಿಡಬೇಕು. ವಾರಕ್ಕೇ ಕಿತ್ತು ತರಗತಿಯ ಮೊದಲಿಗನಿಗೆ ಕೊಟ್ಟರೆ ಹಳೆಯ ತೀರ್ಪೇ ಗಟ್ಟಿಯಾಗುತ್ತದೆ.

ವೃತ್ತಿ ಮಾರ್ಗದರ್ಶನವನ್ನು ಹತ್ತನೇ ತರಗತಿಯ ಕೊನೆಯಲ್ಲಿ ಒಂದು ಭಾಷಣಕ್ಕೆ ಮುಗಿಸುವ ಬದಲು, ಎಂಟನೇ ತರಗತಿಯಿಂದಲೇ ತಿಂಗಳಿಗೆ ಎರಡು ಅವಧಿಯನ್ನು ವೇಳಾಪಟ್ಟಿಯಲ್ಲಿ ನಿಗದಿ ಮಾಡಬೇಕು. ಪರೀಕ್ಷೆ ಹತ್ತಿರ ಬಂತೆಂದು ಗಣಿತಕ್ಕೆ ಬಿಟ್ಟುಕೊಡಬಾರದು. ಪ್ರಥಮ ಪಿಯು ಸೇರಿದ ಮೊದಲ ಎರಡು ತಿಂಗಳಲ್ಲಿ ವಿಭಾಗ ಬದಲಿಸಲು ಬಯಸುವವರಿಗೆ ಶುಲ್ಕದ ಹೊರೆಯಿಲ್ಲದೆ ಅವಕಾಶ ಸಿಗುವಂತೆ ಶಿಕ್ಷಣ ಇಲಾಖೆ ನೋಡಿಕೊಳ್ಳಲಿ.

– ಪ್ರೌಢಶಾಲಾ ಶಿಕ್ಷಕರು, ಹಾಸನ